ಮೊದಲ ಬೆಳೆ ಹಾರಿತು, ಮೂರನೆಯದು ಕೈಕೊಟ್ಟಿತು

ಪ್ರಶ್ನೆ: ಕಳೆದ ವರ್ಷದಿಂದ ಮನೆಯಲ್ಲಿ ಚಿಟ್ಟೆ ಸಾಕುತ್ತಿದ್ದೇನೆ. ನಿಂಬೆ ಗಿಡದಿಂದ ತಂದ ಹನ್ನೆರಡು ಮೊಟ್ಟೆಗಳಲ್ಲಿ ಹನ್ನೊಂದು ಚಿಟ್ಟೆಯಾಗಿ ಹಾರಿದವು. ಆ ಹುಮ್ಮಸ್ಸಿನಲ್ಲಿ ಮುಂದಿನ ಸಲ ನಲವತ್ತು ಹುಳು ಇಟ್ಟುಕೊಂಡೆ. ಅರ್ಧಕ್ಕಿಂತ ಹೆಚ್ಚು ಹುಳುಗಳು ಕಪ್ಪಾಗಿ, ತಲೆಕೆಳಗಾಗಿ ಜೋತು, ನೀರಾಗಿ ಸತ್ತವು. ಮೂರನೆಯ ಸಲ ಎಕ್ಕದ ಗಿಡದ ಹುಳುಗಳನ್ನು ಸಾಕಿದೆ. ಕೋಶದಿಂದ ಹೊರಬಂದ ಹಲವು ಚಿಟ್ಟೆಗಳ ರೆಕ್ಕೆ ಮುದುಡಿತ್ತು, ಅವನ್ನೂ ಬಿಟ್ಟುಬಿಟ್ಟೆ. ಅದೇ ಪಂಜರ, ಅದೇ ಜಾಗ, ಅದೇ ಆರೈಕೆ. ಎಲ್ಲಿ ತಪ್ಪಿದೆ? ಈ ಋತುವಿನಲ್ಲಿ ನೂರು ಚಿಟ್ಟೆ ಬಿಡುವ ಆಸೆಯಿದೆ. ಕಡಿಮೆ ಬಿದ್ದರೆ ಅಂಚೆಯಲ್ಲಿ ಕೋಶ ತರಿಸಿಕೊಳ್ಳಬಹುದೇ? ಇನ್ನೊಂದು ಮಾತು: ನಿಂಬೆ ಗಿಡದ ಹುಳುವಿನ ಒಂದು ಕೋಶ ಎರಡು ತಿಂಗಳಾದರೂ ಒಡೆದಿಲ್ಲ. ಎಸೆಯಲೇ?

ಉತ್ತರ: ‘ಅದೇ ಪಂಜರ, ಅದೇ ಜಾಗ’ ಎಂದು ನೀವೇ ಬರೆದಿದ್ದೀರಿ. ಉತ್ತರ ಅಲ್ಲೇ ಇದೆ. ನಿಮ್ಮ ಮೊದಲ ಹನ್ನೆರಡು ಹುಳುಗಳು ಯಾರೂ ವಾಸ ಮಾಡದ ಮನೆಗೆ ಬಂದವು. ಎರಡನೆಯ ತಂಡ ಅವು ಬಿಟ್ಟುಹೋದ ಹಿಕ್ಕೆ, ಕಳಚಿದ ಚರ್ಮ, ನೂಲಿನ ಎಳೆಗಳ ನಡುವೆ ಹುಟ್ಟಿತು. ಮೂರನೆಯದು ಸತ್ತವರ ಮನೆಯಲ್ಲೇ ಬೆಳೆಯಿತು. ಆರೈಕೆಯಲ್ಲಿ ನೀವು ಎಡವಿಲ್ಲ. ಮೊದಲ ಸಲ ಅಷ್ಟು ಚೆನ್ನಾಗಿ ಗೆದ್ದದ್ದೇ ನಿಮಗೆ ಮುಳುವಾಯಿತು.

ರೇಷ್ಮೆ ಸಾಕುವವರಿಗೆ ಇದನ್ನು ಹೇಳಬೇಕಾಗಿಲ್ಲ. ಅವರು ಒಂದೊಂದು ತಂಡವನ್ನು ‘ಬೆಳೆ’ ಎನ್ನುತ್ತಾರೆ. ಒಂದು ಬೆಳೆ ಮುಗಿದ ಮೇಲೆ ಸಾಕಣೆ ಮನೆಯನ್ನು ಖಾಲಿ ಮಾಡಿ, ತೊಳೆದು, ಸೋಂಕು ನಿವಾರಕ ಸಿಂಪಡಿಸಿ, ಕೆಲವು ದಿನ ಬಿಟ್ಟು ಮುಂದಿನ ಬೆಳೆಗೆ ಇಳಿಯುತ್ತಾರೆ. ಹೊಟ್ಟೆಪಾಡು ಅದರ ಮೇಲೆ ನಿಂತಿರುವುದರಿಂದ ಅವರಿಗೆ ಆ ಶಿಸ್ತು ಬಂದಿದೆ. ಚಿಟ್ಟೆ ಸಾಕುವ ನಮ್ಮಂಥವರಿಗೆ ಇದು ಹವ್ಯಾಸ. ಒಂದು ಕೋಶ ಒಡೆಯುವ ಮೊದಲೇ ಇನ್ನೊಂದು ಮೊಟ್ಟೆ ತಂದು ಪಕ್ಕದಲ್ಲಿಡುತ್ತೇವೆ. ಈ ಉತ್ತರದಲ್ಲಿ ರೇಷ್ಮೆ ಸಾಕುವವರ ಮಾತು ಮತ್ತೆ ಮತ್ತೆ ಬರುತ್ತದೆ. ಹುಳುವಿನ ವಿಷಯದಲ್ಲಿ ಅವರಷ್ಟು ಪೆಟ್ಟು ತಿಂದು ಕಲಿತವರು ಬೇರೆ ಇಲ್ಲ.

ಎರಡನೆಯ ಬೆಳೆಯಲ್ಲಿ ನೀವು ಕಂಡದ್ದು ವೈರಸ್ ರೋಗದ ಲಕ್ಷಣ. ಸೋಂಕಿದ ಹುಳು ತಿನ್ನುವುದನ್ನು ಬಿಟ್ಟು ಮೇಲಕ್ಕೆ ಹತ್ತುತ್ತದೆ, ಹಿಂಗಾಲಿನಿಂದಲೋ ನಡುಗಾಲಿನಿಂದಲೋ ಹಿಡಿದು ಜೋತುಬೀಳುತ್ತದೆ, ಒಳಗೆಲ್ಲ ಕರಗಿ ಚರ್ಮ ಒಡೆಯುತ್ತದೆ. ಸುರಿದ ದ್ರವ ಕೆಳಗಿನ ಎಲೆಗಳ ಮೇಲೆ ಬೀಳುತ್ತದೆ, ಆ ಎಲೆ ತಿಂದ ಹುಳುವಿಗೆ ರೋಗ ಅಂಟುತ್ತದೆ. ಹುಳು ಸಾಯಲು ಮೇಲಕ್ಕೇ ಏಕೆ ಹತ್ತುತ್ತದೆ ಎಂಬುದು ಈಗ ಅರ್ಥವಾಗಿರಬೇಕು. ವೈರಸ್ಸಿಗೆ ಬೇಕಾದದ್ದೂ ಅದೇ. ರೇಷ್ಮೆ ಹುಳುವಿನಲ್ಲಿ ಇದೇ ಜಾತಿಯ ರೋಗಕ್ಕೆ ‘ಹಾಲುತೊಂಡೆ’ ಎಂಬ ಹೆಸರಿದೆ. ಮದ್ದಿಲ್ಲ. ನಲವತ್ತು ಹುಳುಗಳು ಒಂದೇ ಪಂಜರದಲ್ಲಿದ್ದರೆ ಒಂದು ಹುಳು ಸತ್ತರೂ ಸಾಕು, ಉಳಿದವುಗಳ ಪಾಡು ಕೆಲವೇ ದಿನಗಳಲ್ಲಿ ಗೊತ್ತಾಗುತ್ತದೆ. ಬಯಲಿನಲ್ಲಿ ಹುಳುಗಳು ದೂರದೂರ ಇರುತ್ತವೆ, ಬಿಸಿಲು ಆ ವೈರಸ್ಸನ್ನು ಬಹಳಷ್ಟು ಮಟ್ಟಿಗೆ ಕೆಡಿಸುತ್ತದೆ. ಮನೆಯೊಳಗಿನ ಪಂಜರದಲ್ಲಿ ದೂರವೂ ಇಲ್ಲ, ಬಿಸಿಲೂ ಇಲ್ಲ.

ಮೂರನೆಯ ಬೆಳೆಯ ಕಥೆ ಬೇರೆ, ಅದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ರೆಕ್ಕೆ ಮುದುಡಲು ಕಾರಣಗಳು ಹಲವು: ಕೋಶ ಕೆಳಗೆ ಬಿದ್ದಿರಬಹುದು, ಚಿಟ್ಟೆ ಹತ್ತಿ ಜೋತುಬೀಳಲು ಗೋಡೆ ನುಣುಪಾಗಿರಬಹುದು, ಜಾಗ ಇಕ್ಕಟ್ಟಾಗಿರಬಹುದು. ನೂರಕ್ಕೆ ಒಂದೆರಡು ಹೀಗಾದರೆ ಅದು ಅಪಘಾತ. ಒಂದೇ ಬೆಳೆಯಲ್ಲಿ ‘ಹಲವು’ ಎಂದರೆ ಸೋಂಕನ್ನೇ ಮೊದಲು ಶಂಕಿಸಬೇಕು. ಎಕ್ಕದ ಗಿಡದಲ್ಲಿ ಬೆಳೆಯುವ ಕಿತ್ತಳೆ ಬಣ್ಣದ ಪ್ಲೇನ್ ಟೈಗರ್, ಅಮೆರಿಕದ ಪ್ರಸಿದ್ಧ ವಲಸೆ ಚಿಟ್ಟೆ ಮೊನಾರ್ಕ್, ಇವೆಲ್ಲ ಒಂದೇ ಬಳಗ. ಈ ಬಳಗವನ್ನು ಕಾಡುವ ಒಂದು ಏಕಕೋಶ ಪರಾವಲಂಬಿ ಇದೆ. ಅದರ ಬೀಜಕಣಗಳು ತಾಯಿಯ ಹೊಟ್ಟೆಯ ಪುಡಿಹುರುಪೆಗಳ ನಡುವೆ ಸಾವಿರ, ಲಕ್ಷ ಲೆಕ್ಕದಲ್ಲಿ ಕೂತಿರುತ್ತವೆ. ಮೊಟ್ಟೆ ಇಡುವಾಗ ಮೊಟ್ಟೆಗೂ ಎಲೆಗೂ ಉದುರುತ್ತವೆ. ಮರಿ ಹುಟ್ಟಿ ಮೊದಲು ತಿನ್ನುವುದು ತನ್ನ ಮೊಟ್ಟೆಯ ಸಿಪ್ಪೆಯನ್ನು; ಸೋಂಕಿಗೆ ಅಷ್ಟು ಸಾಕು. ಹುಳು ಹಾಯಾಗಿ ಬೆಳೆಯುತ್ತದೆ, ಕೋಶ ಕಟ್ಟುತ್ತದೆ, ಏನೂ ಕಾಣುವುದಿಲ್ಲ. ಒಡೆಯಲು ಎರಡು ಮೂರು ದಿನ ಇರುವಾಗ ಕೋಶದ ಮೇಲೆ ಎಡಬಲ ಹೊಂದದ ಕಪ್ಪು ಕಲೆಗಳು ಮೂಡುತ್ತವೆ. ಹೆಚ್ಚು ಸೋಂಕಿದ ಚಿಟ್ಟೆ ಕೋಶದಲ್ಲೇ ಸಿಕ್ಕಿಕೊಳ್ಳುತ್ತದೆ ಅಥವಾ ಮುದುಡಿದ ರೆಕ್ಕೆಯೊಂದಿಗೆ ಬರುತ್ತದೆ. ಕಡಿಮೆ ಸೋಂಕಿದ್ದು ಚೆಂದವಾಗಿಯೇ ಹಾರಿಹೋಗಿ ಊರೆಲ್ಲ ಹಂಚುತ್ತದೆ. ನಿಜವಾದ ಅಪಾಯ ಈ ಎರಡನೆಯ ಬಗೆಯದು. ಮುದುಡಿದ ಚಿಟ್ಟೆಯನ್ನು ನೋಡಿ ನೀವು ಮರುಗಿದಿರಿ. ಅದರ ಜೊತೆಗೆ ಹಾರಿಹೋದ ‘ಆರೋಗ್ಯವಂತ’ ಚಿಟ್ಟೆಗಳನ್ನು ನೆನೆದರೆ ನನಗೆ ಚಿಂತೆಯಾಗುತ್ತದೆ.

ಇದನ್ನು ಪತ್ತೆ ಮಾಡುವುದು ಕಷ್ಟವಲ್ಲ. ಪಾರದರ್ಶಕ ಅಂಟುಪಟ್ಟಿಯ ಒಂದು ತುಂಡನ್ನು ಚಿಟ್ಟೆಯ ಹೊಟ್ಟೆಗೆ ಮೃದುವಾಗಿ ಒತ್ತಿ ತೆಗೆದು, ಬಿಳಿ ಕಾಗದಕ್ಕೆ ಅಂಟಿಸಿ, ಸೂಕ್ಷ್ಮದರ್ಶಕದಡಿ ನೋಡಿ. ದೊಡ್ಡ ಹುರುಪೆಗಳ ನಡುವೆ ನಿಂಬೆಹಣ್ಣಿನ ಆಕಾರದ, ತೀರ ಪುಟ್ಟ ಕಂದು ಕಣಗಳಿದ್ದರೆ ಅದೇ. 1865ರಲ್ಲಿ ಲೂಯಿ ಪಾಶ್ಚರ್ ದಕ್ಷಿಣ ಫ್ರಾನ್ಸಿನ ರೇಷ್ಮೆ ಸಾಕಣೆದಾರರ ನೆರವಿಗೆ ಹೋದಾಗ ಕೊನೆಗೆ ಅವರಿಗೆ ಕಲಿಸಿದ್ದೂ ಹೆಚ್ಚುಕಡಿಮೆ ಇದನ್ನೇ. ಗಂಟುರೋಗದಿಂದ ಬೆಳೆಗೆ ಬೆಳೆಯೇ ನೆಲಕಚ್ಚುತ್ತಿತ್ತು. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗದ ಕಣ ಕಂಡರೆ ಅದರ ಮೊಟ್ಟೆಗಳನ್ನೆಲ್ಲ ಸುಟ್ಟುಹಾಕಿ ಎಂದರು. ಇಂದಿಗೂ ರೇಷ್ಮೆ ಮೊಟ್ಟೆ ತಯಾರಿಸುವಲ್ಲಿ ತಾಯಿಯ ಪರೀಕ್ಷೆ ತಪ್ಪಿಲ್ಲ. ನಿಮ್ಮದು ಅರೆಯಬೇಕಾಗಿಲ್ಲದ ಪರೀಕ್ಷೆ. ಅಷ್ಟೂ ಮಾಡಲಾಗದಿದ್ದರೆ ಎಕ್ಕದ ಹುಳುಗಳನ್ನು ಮನೆಯೊಳಗೆ ತರಬೇಡಿ, ಗಿಡದಲ್ಲೇ ನೋಡಿ ಸಂತೋಷಪಡಿ.

ಇನ್ನು ನೂರರ ಲೆಕ್ಕ. ಬಯಲಿನಲ್ಲಿ ಚಿಟ್ಟೆಯಿಟ್ಟ ಮೊಟ್ಟೆಗಳಲ್ಲಿ ಚಿಟ್ಟೆಯಾಗುವುದು ನೂರಕ್ಕೆ ಕೆಲವು ಮಾತ್ರ. ಅದನ್ನು ತಿಳಿದವರಿಗೆಲ್ಲ ‘ನಾನು ತೊಂಬತ್ತು ಉಳಿಸಿದೆ’ ಎಂದು ಹೇಳಿಕೊಳ್ಳುವ ಆಸೆ ಹುಟ್ಟುತ್ತದೆ. ನನಗೂ ಹುಟ್ಟಿತ್ತು, ಒಂದು ವರ್ಷ ಗೋಡೆಯ ಮೇಲೆ ಗೀಟು ಎಳೆದು ಲೆಕ್ಕ ಇಟ್ಟಿದ್ದೆ. ಆದರೆ ಬಯಲಿನಲ್ಲಿ ಸಾಯುವವು ಸುಮ್ಮನೆ ಸಾಯುವುದಿಲ್ಲ. ಹಕ್ಕಿ, ಜೇಡ, ಇರುವೆ, ಕಣಜ ಇವುಗಳ ಹೊಟ್ಟೆ ತುಂಬುತ್ತದೆ, ದುರ್ಬಲವಾದದ್ದು ಉದುರುತ್ತದೆ. ಪಂಜರದಲ್ಲಿ ದುರ್ಬಲವಾದದ್ದೂ ಉಳಿಯುತ್ತದೆ. 2019ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು ಒಂದು ವಿಷಯ ತೋರಿಸಿದರು: ಮಾರಾಟಕ್ಕೆಂದು ಸಾಕಿದ ಮೊನಾರ್ಕ್ ಚಿಟ್ಟೆಗಳು ವಲಸೆಯ ಕಾಲದಲ್ಲಿ ದಕ್ಷಿಣ ದಿಕ್ಕು ಹಿಡಿಯಲಿಲ್ಲ. ಕಾಡು ಮೂಲದ ಚಿಟ್ಟೆಗಳನ್ನೂ ಒಳಾಂಗಣದಲ್ಲಿ ಬೆಳೆಸಿದಾಗ ಅವೂ ದಿಕ್ಕು ತಪ್ಪಿದವು. ಮರುವರ್ಷ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ ಸಾಕಿದ ಮೊನಾರ್ಕ್‌ಗಳ ಕಾಲಿನ ಹಿಡಿತ ಕಾಡಿನವುಗಳಿಗಿಂತ ಸಡಿಲ, ಬಣ್ಣ ಪೇಲವ ಎಂದು ಕಂಡುಬಂತು. ನ್ಯಾಯವಾಗಿ ಇನ್ನೊಂದನ್ನೂ ಹೇಳಬೇಕು: 2021ರ ಕೆನಡಾದ ಅಧ್ಯಯನವೊಂದರಲ್ಲಿ, ಸಾಕಿ ಬಿಟ್ಟ ಚಿಟ್ಟೆಗಳಿಗೆ ಪುಟ್ಟ ರೇಡಿಯೊ ಕಟ್ಟಿ ನೋಡಿದಾಗ ಹೆಚ್ಚಿನವು ಹೊರಗೆ ಹೋದ ಮೇಲೆ ಸರಿಯಾದ ದಿಕ್ಕನ್ನೇ ಹಿಡಿದಿದ್ದವು. ವಾದ ಮುಗಿದಿಲ್ಲ. ಎರಡೂ ಕಡೆಯವರ ಮಾತಿನಿಂದ ನಾನು ತೆಗೆದುಕೊಂಡ ಪಾಠ ಇಷ್ಟು: ಹುಳುವನ್ನು ಹಗಲುರಾತ್ರಿಯ ನಿಜವಾದ ಬೆಳಕು, ಹೊರಗಿನ ಗಾಳಿ ಸಿಗುವ ಜಾಗದಲ್ಲಿ ಬೆಳೆಸಬೇಕು ಮತ್ತು ಸಾಕಣೆಯಿಂದ ಚಿಟ್ಟೆ ಸಂಕುಲ ಉಳಿಯುತ್ತದೆಂಬ ಭ್ರಮೆ ಇಟ್ಟುಕೊಳ್ಳಬಾರದು. ಒಮ್ಮೆಗೆ ಹತ್ತು ಹುಳು, ಋತುವಿಗೆ ಎರಡು ಬೆಳೆ. ಇದು ನನ್ನ ಮಿತಿ, ನಿಮಗೂ ಅದನ್ನೇ ಹೇಳುತ್ತೇನೆ. ನೂರು ಚಿಟ್ಟೆ ಬೇಕಿದ್ದರೆ ಹತ್ತು ಗಿಡ ನೆಡಿ.

ಅಂಚೆಯ ಕೋಶ ಬೇಡವೇ ಬೇಡ. ಅದರ ತಾಯಿ ಯಾವ ಪಂಜರದ್ದು, ಅಲ್ಲಿ ಎಷ್ಟು ತಲೆಮಾರಿನಿಂದ ಒಳಗೊಳಗೇ ಕೂಡಿಕೊಂಡು ಬಂದಿವೆ ಎಂಬುದು ನಿಮಗೆ ತಿಳಿಯುವುದಿಲ್ಲ. ದೂರದ ಪ್ರದೇಶದ ಚಿಟ್ಟೆಯನ್ನು ನಿಮ್ಮಲ್ಲಿ ಬಿಟ್ಟರೆ ಅದರ ರೋಗವನ್ನೂ ಬಿಟ್ಟಂತೆ. ಹಲವು ದೇಶಗಳಲ್ಲಿ ಕೆಲವು ಜಾತಿಗಳಿಗೆ ಕಾನೂನಿನ ರಕ್ಷಣೆಯಿದೆ, ಹಿಡಿಯುವುದೂ ಸಾಕುವುದೂ ಅಪರಾಧವಾಗುತ್ತದೆ. ತೋಟದಲ್ಲಿ ಸಾಮಾನ್ಯವಾಗಿ ಕಾಣುವ ಚಿಟ್ಟೆಗಳಿಗಷ್ಟೇ ಕೈಹಾಕಿ.

ಈ ಋತುವನ್ನು ಗಿಡದಿಂದ ಆರಂಭಿಸಿ. ಮಾರಾಟದ ಸಸಿ ತಂದ ದಿನವೇ ಹುಳುವಿಗೆ ಕೊಡಬೇಡಿ. ನಾನು ಹೀಗೆ ತಂದ ಒಂದು ನಿಂಬೆ ಸಸಿಯ ಎಲೆ ತಿಂದು ಸಂಜೆ ಹೊತ್ತಿಗೆ ಎಂಟು ಹುಳುಗಳು ನಡುಗುತ್ತ ಹಸಿರು ಕಕ್ಕಿ ಸತ್ತವು. ಬೇರಿನಿಂದ ಹೀರಿಕೊಂಡು ಗಿಡದ ಒಳಗೆಲ್ಲ ಹರಿಯುವ ಕೀಟನಾಶಕಗಳಿವೆ. ಅವನ್ನು ಎಲೆ ತೊಳೆದು ತೆಗೆಯಲಾಗದು. ತಂದ ಸಸಿಯನ್ನು ಹಲವು ತಿಂಗಳು ಬೆಳೆಸಿ, ಹೊಸ ಚಿಗುರು ಬಂದ ಮೇಲೆ ಒಂದೇ ಹುಳು ಬಿಟ್ಟು ನೋಡಿ. ಬೀಜದಿಂದ ನೀವೇ ಬೆಳೆಸಿದರೆ ಇನ್ನೂ ಒಳ್ಳೆಯದು. ಸೊಪ್ಪು ಎಷ್ಟು ಬೇಕೆಂಬ ಅಂದಾಜು ಎಲ್ಲರಿಗೂ ತಪ್ಪುತ್ತದೆ. ಹುಳು ಜೀವಮಾನದಲ್ಲಿ ತಿನ್ನುವುದರ ಬಹುಪಾಲನ್ನು ಕೊನೆಯ ಕೆಲವೇ ದಿನಗಳಲ್ಲಿ ತಿನ್ನುತ್ತದೆ. ಮೊದಲ ವಾರ ಒಂದೆಲೆಯ ಅಂಚೂ ಸವೆಯದಿರುವುದನ್ನು ನೋಡಿ ನೀವು ನಿಶ್ಚಿಂತೆಯಿಂದಿರುತ್ತೀರಿ, ಎರಡನೆಯ ವಾರದ ಕೊನೆಗೆ ಕುಂಡದಲ್ಲಿ ಕಡ್ಡಿ ಮಾತ್ರ ಉಳಿದಿರುತ್ತದೆ. ಆಗ ಬೇರೆ ಯಾವುದೋ ಸೊಪ್ಪು ಹಾಕಿದರೆ ಹುಳು ಹಸಿವಿನಿಂದ ಸಾಯುತ್ತದೆಯೇ ಹೊರತು ಬಾಯಿ ಹಾಕುವುದಿಲ್ಲ.

ಮೊಟ್ಟೆಯ ಹಂತದಲ್ಲೇ ತನ್ನಿ. ದೊಡ್ಡ ಹುಳುವನ್ನು ತಂದರೆ ಅದರೊಳಗೆ ಕಣಜದ ಮರಿಗಳು ಆಗಲೇ ಸೇರಿರಬಹುದು. ತಾಯಿ ಚಿಟ್ಟೆ ಎಲೆಯಿಂದ ಎಲೆಗೆ ಹಾರುತ್ತ ಮುಂಗಾಲಿನಿಂದ ತಟ್ಟಿ ತಟ್ಟಿ ರುಚಿ ನೋಡುತ್ತಿದ್ದರೆ ಕಾದು ನಿಲ್ಲಿ. ನಿಂಬೆ ಚಿಟ್ಟೆ ಎಳೆಯ ಚಿಗುರಿನ ಮೇಲೆ ತಿಳಿ ಹಳದಿಯ ದುಂಡು ಮೊಟ್ಟೆಗಳನ್ನು ಒಂದೊಂದಾಗಿ ಇಡುತ್ತದೆ. ಎಲೆ ಸಮೇತ ಕತ್ತರಿಸಿ, ಮುಚ್ಚಳವಿರುವ ಪುಟ್ಟ ಡಬ್ಬಿಯಲ್ಲಿಡಿ. ಬೆಚ್ಚಗಿನ ಹವೆಯಲ್ಲಿ ಮೂರು ನಾಲ್ಕು ದಿನಕ್ಕೆ ಒಡೆಯುತ್ತದೆ. ಒಂದೇ ವಯಸ್ಸಿನವುಗಳನ್ನು ಒಂದೆಡೆ ಇಡಿ. ಎಕ್ಕದ ಹುಳುಗಳು ಪಕ್ಕದ ಮೊಟ್ಟೆಯನ್ನೂ ಪುಟ್ಟ ತಮ್ಮನನ್ನೂ ತಿಂದು ಮುಗಿಸುತ್ತವೆ. ಕೊಂಬೆಯನ್ನು ನೀರಿನ ಬಾಟಲಿಯಲ್ಲಿ ಇಡುವುದಾದರೆ ಬಾಯಿಗೆ ಹತ್ತಿ ತುರುಕಿ. ಹುಳುಗಳು ಕಾಂಡದ ಗುಂಟ ಇಳಿದು ನೀರಿನಲ್ಲಿ ಮುಳುಗುತ್ತವೆ. ಡಬ್ಬಿಯೊಳಗೆ ನೀರಿನ ಹನಿ ಕಟ್ಟದಂತೆ ನೋಡಿಕೊಳ್ಳಿ. ಹಿಕ್ಕೆಯನ್ನು ದಿನಾ ತೆಗೆಯಿರಿ, ಕೊನೆಯ ಹಂತದಲ್ಲಿ ಎರಡು ಹೊತ್ತು.

ಹುಳು ಒಂದು ದಿನ ಅಲುಗಾಡದೆ ಕೂತಿದ್ದರೆ ಗಾಬರಿಯಾಗಬೇಡಿ. ಪೊರೆ ಬಿಡುವ ಈ ಹೊತ್ತನ್ನು ರೇಷ್ಮೆಯವರು ‘ಜ್ವರ’ ಎನ್ನುತ್ತಾರೆ. ಸಾಮಾನ್ಯವಾಗಿ ನಾಲ್ಕು ಜ್ವರ ಕಳೆದು ಐದನೆಯ ಹಂತಕ್ಕೆ ಬರುತ್ತದೆ. ಆ ಹೊತ್ತಿನಲ್ಲಿ ಕಿತ್ತು ಬೇರೆಡೆ ಇಟ್ಟರೆ ಸಾಯಬಹುದು; ಎಲೆಯ ಆ ತುಂಡನ್ನೇ ಎತ್ತಿಡಿ. ಹಕ್ಕಿಯ ಹಿಕ್ಕೆಯಂತಿದ್ದ ನಿಂಬೆ ಹುಳು ಕೊನೆಯ ಜ್ವರ ಕಳೆದು ಹಸಿರಾಗಿ ಏಳುವುದನ್ನು ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸಿಲ್ಲ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲುಕೊಂಬು ಚಾಚಿ ಘಾಟು ಬಿಡುತ್ತದೆ. ಅದು ಸಿಟ್ಟು, ರೋಗವಲ್ಲ. ‘ಹಣ್ಣಾದ’, ಅಂದರೆ ಕೋಶ ಕಟ್ಟಲು ಸಿದ್ಧವಾದ ಹುಳು ಒಮ್ಮೆ ನೀರಾಗಿ ಹೊಟ್ಟೆ ಖಾಲಿ ಮಾಡಿಕೊಂಡು, ಗಿಡ ಬಿಟ್ಟು ಅಲೆಯತೊಡಗುತ್ತದೆ. ಅದನ್ನೂ ಭೇದಿಯೆಂದು ತಿಳಿದು ಕಂಗಾಲಾದವರಿದ್ದಾರೆ. ಆಗ ಒಂದಿಷ್ಟು ಒರಟು ಕಡ್ಡಿಗಳನ್ನು ಇಟ್ಟರೆ ಸಾಕು. ನಿಂಬೆಯದು ಬಾಲವನ್ನು ಅಂಟಿಸಿ, ಸೊಂಟಕ್ಕೆ ನೂಲಿನ ಪಟ್ಟಿ ಕಟ್ಟಿಕೊಂಡು ಒರಗುತ್ತದೆ. ಎಕ್ಕದ್ದು ತಲೆಕೆಳಗಾಗಿ ನೇತಾಡುತ್ತದೆ. ಬಿದ್ದ ಕೋಶವನ್ನು ನಿಂಬೆಯದಾದರೆ ಕಾಗದದ ಪೊಟ್ಟಣದಲ್ಲಿ ನಿಲ್ಲಿಸಿ, ಎಕ್ಕದ್ದಾದರೆ ತುದಿಯ ಕರಿ ತೊಟ್ಟಿಗೆ ದಾರ ಕಟ್ಟಿ ತೂಗುಬಿಡಿ. ಕೋಶವಾದ ಮೊದಲ ದಿನ ಚರ್ಮ ಮೆತ್ತಗಿರುತ್ತದೆ, ಮುಟ್ಟಬಾರದು. ಕೆಲವು ಪುಟ್ಟ ಕಣಜಗಳು ಆ ಮೆತ್ತಗಿನ ಹೊತ್ತಿಗಾಗಿಯೇ ಹುಳುವಿನ ಪಕ್ಕದಲ್ಲಿ ಕಾದು ಕೂರುತ್ತವೆ. ಬಲೆಯ ಕಣ್ಣು ಸಣ್ಣದಿರಲಿ.

ಇಷ್ಟಾದರೂ ಒಂದು ದಿನ ಕೋಶದಿಂದ ಚಿಟ್ಟೆಯ ಬದಲು ನೊಣವೋ ಕಣಜವೋ ಬಂದೇ ಬರುತ್ತದೆ. ರೇಷ್ಮೆಯವರ ಶತ್ರು ಊಜಿ ನೊಣದ ನೆಂಟರೇ ಚಿಟ್ಟೆಗಳನ್ನೂ ಹಿಡಿಯುತ್ತಾರೆ. ಬೇಸರವಾಗುತ್ತದೆ, ನಿಜ. 1660ರಲ್ಲಿ, ಹದಿಮೂರರ ವಯಸ್ಸಿನಲ್ಲಿ ರೇಷ್ಮೆ ಹುಳುವಿನಿಂದ ಸಾಕಣೆ ಶುರುಮಾಡಿದ ಜರ್ಮನಿಯ ಕೀಟ ಚಿತ್ರಕಾರ್ತಿ ಮರಿಯಾ ಸಿಬಿಲ್ಲಾ ಮೆರಿಯಾನ್ ಕೂಡ ಚಿಟ್ಟೆಗೆ ಕಾದು ನೊಣ ಪಡೆದವಳೇ. ಅವಳು ಆ ನೊಣಗಳನ್ನೂ ಬಿಡದೆ ದಾಖಲಿಸಿದಳು. ಕಣಜ ಕಂಡ ಕೋಶವನ್ನು ಹಿಸುಕಿಹಾಕಬೇಕೇ ಎಂದು ನೀವು ಕೇಳಿದರೆ, ನಾನು ಪಂಜರದಿಂದ ದೂರ ಒಯ್ದು ಬಿಟ್ಟುಬಿಡುತ್ತೇನೆ. ತೋಟಕ್ಕೆ ಅವೂ ಬೇಕು.

ಒಡೆಯುವ ಹಿಂದಿನ ದಿನ ಕೋಶದ ಚರ್ಮ ತೆಳುವಾಗಿ ಒಳಗಿನ ರೆಕ್ಕೆಯ ಬಣ್ಣ ಕಾಣುತ್ತದೆ. ಹೊರಬಂದ ಚಿಟ್ಟೆ ಜೋತುಬಿದ್ದು ದೇಹದ ದ್ರವವನ್ನು ರೆಕ್ಕೆಗಳಿಗೆ ಒತ್ತಿ ಹಿಗ್ಗಿಸುತ್ತದೆ, ಹೀರುಗೊಳವೆಯ ಎರಡು ಎಳೆಗಳನ್ನು ಸುತ್ತಿ ಬಿಚ್ಚಿ ಒಂದಾಗಿ ಹೊಲಿದುಕೊಳ್ಳುತ್ತದೆ. ಕೆಂಪುಕಂದು ನೀರು ತೊಟ್ಟಿಕ್ಕುವುದು ರಕ್ತವಲ್ಲ, ಕೋಶದಲ್ಲಿ ಕೂಡಿಟ್ಟ ಮಲ. ರೆಕ್ಕೆ ಗಟ್ಟಿಯಾಗಲು ಕೆಲವು ಗಂಟೆ ಬೇಕು, ಅಲ್ಲಿಯವರೆಗೆ ಪಂಜರ ಕದಲಿಸಬೇಡಿ. ಗಾಳಿಯಿಲ್ಲದ, ಬಿಸಿಲೇರಿದ ಬೆಳಗಿನಲ್ಲಿ ಹೂಗಿಡದ ಬಳಿ ಬಿಡಿ. ಮಳೆ ಇದ್ದರೆ ಒಂದು ದಿನ ತಡೆದಿಟ್ಟರೆ ನಷ್ಟವಿಲ್ಲ. ಮೊದಲ ದಿನ ಅದಕ್ಕೆ ಹಸಿವೂ ಹೆಚ್ಚಿರುವುದಿಲ್ಲ. ಎರಡನೆಯ ದಿನವೂ ಉಳಿದರೆ ಹತ್ತಿಯಲ್ಲಿ ತೆಳು ಸಕ್ಕರೆ ನೀರು ಅದ್ದಿಡಿ. ರೆಕ್ಕೆ ಮುಟ್ಟಿದರೆ ಮತ್ತೆ ಹಾರುವುದಿಲ್ಲವೆಂಬ ಮಾತು ಸುಳ್ಳು, ಆದರೂ ಮುಟ್ಟದಿರುವುದು ಲೇಸು. ಮುದುಡಿದ್ದು ಬಂದರೆ ಹೊರಗೆ ಬಿಡಬೇಡಿ. ಸೋಂಕಿಲ್ಲವೆಂದು ಖಚಿತವಾದರೆ ಹೂವಿನ ಬಳಿ ಇಟ್ಟು ಅದರ ದಿನ ಕಳೆಯಗೊಡಿ. ಸೋಂಕಿದ್ದರೆ ಕಾಗದದಲ್ಲಿ ಸುತ್ತಿ ಫ್ರೀಜರಿನಲ್ಲಿ ಇಡುವುದೇ ದಯೆ. ಹೀಗೆ ಬರೆಯುವುದು ನನಗೂ ಹಿತವಲ್ಲ.

ಬೆಳೆ ಮುಗಿದ ದಿನ ಪಂಜರವನ್ನು ಬ್ಲೀಚ್ ದ್ರಾವಣದಲ್ಲಿ ಕೆಲವು ಗಂಟೆ ನೆನೆಸಿ, ತೊಳೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ. ಕಾಗದದ ಡಬ್ಬಿ, ಕಡ್ಡಿಗಳನ್ನು ಎಸೆಯಿರಿ. ಎರಡು ಮೂರು ವಾರ ಬಿಡುವು ಕೊಡಿ. ಈ ಬಿಡುವಿನಲ್ಲಿ ಗಿಡವೂ ಚಿಗುರುತ್ತದೆ.

ನಿಮ್ಮ ಆ ಕೋಶವನ್ನು ಎಸೆಯಬೇಡಿ. ನಿಂಬೆ ಚಿಟ್ಟೆ ಬೆಚ್ಚಗಿನ ದಿನಗಳಲ್ಲಿ ಎಂಟು ಹತ್ತು ದಿನಕ್ಕೇ ಹೊರಬಂದರೂ, ಹವೆ ಒಗ್ಗದ ಕಾಲದಲ್ಲಿ ಕೋಶದಲ್ಲೇ ತಿಂಗಳುಗಟ್ಟಲೆ ಉಳಿಯಬಲ್ಲದು. ಬದಿಯಲ್ಲಿ ಗುಂಡುಸೂಜಿ ಚುಚ್ಚಿದಂಥ ತೂತಿದೆಯೇ ನೋಡಿ. ಇದ್ದರೆ ಕಣಜ ಬಂದು ಹೋಗಿದೆ. ಕಪ್ಪಾಗಿ ಹಗುರವಾಗಿ ಸೊರಗಿದ್ದರೆ ಸತ್ತಿದೆ. ಎರಡೂ ಇಲ್ಲದಿದ್ದರೆ ಹುಲ್ಲುಕಡ್ಡಿಯಿಂದ ಮೆಲ್ಲಗೆ ತಾಕಿಸಿ, ಹೊಟ್ಟೆಯ ಭಾಗ ಒಮ್ಮೆ ಕೊಸರಬಹುದು. ಕೊಸರದಿದ್ದರೂ ಬಣ್ಣ ಹೊಸದಾಗಿದ್ದು ತೂಕವಿದ್ದರೆ ಜೀವವಿದೆ ಎಂದೇ ತಿಳಿಯಿರಿ. ದೀಪ ಉರಿಯುವ ಕೋಣೆಯಿಂದ ತೆಗೆದು, ಮಳೆ ಬೀಳದ, ಹಲ್ಲಿ ಮುಟ್ಟದ ಹೊರಗಿನ ನೆರಳಿನಲ್ಲಿ ಇಡಿ. ಅವಸರದಲ್ಲಿ ಬೆಚ್ಚಗೆ ಮಾಡಬೇಡಿ; ಹೂವಿಲ್ಲದ ದಿನ ಹೊರಬಂದರೆ ಅದು ಎಲ್ಲಿಗೆ ಹೋಗಬೇಕು? ಮುಂದಿನ ಋತುವಿನ ಚಿಗುರು ಕಾಣುವವರೆಗೆ ದಿನಕ್ಕೊಮ್ಮೆ ಇಣುಕಿ ನೋಡುತ್ತಿರಿ.